ವಿಟೇಕರ್–ಡುರಾನ್: 12 ಸುತ್ತೋ, 15 ಸುತ್ತೋ?

ಬಾಕ್ಸಿಂಗ್ ಹುಚ್ಚಿನ ನಾವು ನಾಲ್ವರು ಗೆಳೆಯರು ಎರಡು ವಾರಗಳಿಂದ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಕಿತ್ತಾಡುತ್ತಿದ್ದೇವೆ. 1990ರ ಪರ್ನೆಲ್ ವಿಟೇಕರ್ ಮತ್ತು 1978ರ ರಾಬರ್ಟೊ ಡುರಾನ್, ಇಬ್ಬರೂ 135 ಪೌಂಡಿನ ಲೈಟ್‌ವೆಯ್ಟ್ ತೂಕದಲ್ಲಿ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಒಬ್ಬ ಕೈಗೇ ಸಿಗದ ಚತುರ, ಇನ್ನೊಬ್ಬ 'ಕಲ್ಲಿನ ಕೈಗಳು' ಎಂದೇ ಹೆಸರಾದ ಹೊಡೆತಗಾರ. ಮೂವರು ಗೆಳೆಯರು ಎರಡು ನಿಮಿಷವೂ ಯೋಚಿಸದೆ ಡುರಾನ್ ಕಡೆ ವಾಲಿದರು. ಅವರು ಕೊಟ್ಟ ಕಾರಣ ಒಂದೇ: ತಪ್ಪಿಸಿಕೊಳ್ಳುವವನು ಮೂರು ನಿಮಿಷದ 12 ಸುತ್ತು, ಅಂದರೆ ಮೂವತ್ತಾರು ನಿಮಿಷವೂ ತಪ್ಪಿಸಿಕೊಳ್ಳಬೇಕು, ಹೊಡೆಯುವವನಿಗೆ ಒಂದು ಗುದ್ದು ಸಾಕು. ಅವರ ತೀರ್ಮಾನ ಸರಿಯಿರಲೂಬಹುದು, ಆದರೆ ಅವರ ಕಾರಣವನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ಒಂದೇ ಗುದ್ದಿಗೆ ಆಟ ಮುಗಿಸುವ ಬಾಕ್ಸರ್ ಡುರಾನ್ ಆಗಿರಲಿಲ್ಲ. ಪನಾಮಾದ ಎಲ್ ಚೊರಿಯೊ ಎಂಬ ಬಡ ಬಡಾವಣೆಯಿಂದ ಬಂದ ಆ ಹುಡುಗನ ಮುಖದ ಮೇಲಿನ ಕ್ರೌರ್ಯವನ್ನು ಕಂಡವರು ಅವನ ಕಾಲುಗಳನ್ನು ಗಮನಿಸುವುದಿಲ್ಲ. ಎದುರಾಳಿ ಹೋಗಬೇಕೆಂದಿರುವ ಕಡೆಗೆ ಅವನಿಗಿಂತ ಮೊದಲೇ ಹೋಗಿ ನಿಂತಿರುವುದು, ಭುಜವನ್ನು ಅಲುಗಿಸಿ ಸುಳ್ಳು ಸೂಚನೆ ಕೊಟ್ಟು ಅವನು ಅರ್ಧ ಹೆಜ್ಜೆ ತಪ್ಪಿಡುವಂತೆ ಮಾಡುವುದು, ಬಂದ ಜಾಬನ್ನು, ಅಂದರೆ ಮುಂದಿನ ಕೈಯ ಚುರುಕು ನೇರ ಹೊಡೆತವನ್ನು, ತಲೆಯ ಒಂದು ಸಣ್ಣ ಓಲಾಟದಲ್ಲಿ ದಾಟಿ ಒಳಗೆ ನುಗ್ಗಿ ಪಕ್ಕೆಲುಬಿಗೆ ಬಾರಿಸುವುದು, ಇವೆಲ್ಲ ಬರೀ ಬಲದಿಂದ ಆಗುವ ಕೆಲಸಗಳಲ್ಲ. ಅವನ ಮೂಲೆಯಲ್ಲಿ ಕೂತಿದ್ದ ರೇ ಆರ್ಸೆಲ್ ಮತ್ತು ಫ್ರೆಡ್ಡಿ ಬ್ರೌನ್ ಎಂಬ ಇಬ್ಬರು ಹಿರಿಯ ತರಬೇತುದಾರರು ಅವನ ಕೋಪಕ್ಕೆ ವ್ಯಾಕರಣ ಕಲಿಸಿದ್ದರು.

1972ರ ಜೂನ್ 26ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವನು ಪಟ್ಟ ಕಿತ್ತುಕೊಂಡದ್ದು ಸ್ಕಾಟ್ಲೆಂಡಿನ ಕೆನ್ ಬುಕ್ಯಾನನ್‌ನಿಂದ. ಬುಕ್ಯಾನನ್ ಸುಂದರವಾದ ಜಾಬ್ ಇದ್ದ, ರಿಂಗಿನ ಉದ್ದಗಲವನ್ನೆಲ್ಲ ಬಳಸುವ, ಅಪ್ಪಟ ಚತುರ ಬಾಕ್ಸರ್. 13ನೇ ಸುತ್ತಿನ ಕೊನೆಯಲ್ಲಿ ಸೊಂಟದ ಕೆಳಗೆ ಬಿದ್ದು ಪಂದ್ಯವನ್ನೇ ಮುಗಿಸಿದ ಹೊಡೆತದ ಬಗ್ಗೆ ಇಂದಿಗೂ ತಕರಾರಿದೆ, ನನ್ನ ಕಣ್ಣಿಗೂ ಅದು ನ್ಯಾಯದ ಹೊಡೆತವಾಗಿ ಕಾಣುವುದಿಲ್ಲ. ಆದರೆ ಆ ಹೊತ್ತಿಗೆ ಮೂವರು ತೀರ್ಪುಗಾರರ ಪಟ್ಟಿಯಲ್ಲೂ ಡುರಾನ್ ಮುಂದಿದ್ದ ಎಂಬುದನ್ನು ಮರೆಯಬಾರದು. ಇಪ್ಪತ್ತೊಂದು ವರ್ಷದ 'ಹೊಡೆತಗಾರ' ವಿಶ್ವ ಚಾಂಪಿಯನ್ ಆಗಿದ್ದ ಚತುರನನ್ನು ಅಂಕಗಳಲ್ಲೇ ಹಿಂದಿಕ್ಕಿದ್ದ.

ಇನ್ನು ವಿಟೇಕರ್. ವರ್ಜೀನಿಯಾದ ನಾರ್ಫೋಕ್ ಊರಿನವನು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತ, ಎಡಗೈ ಬಾಕ್ಸರ್, ಅಂದರೆ ಬಲಗಾಲು ಮತ್ತು ಬಲಗೈಯನ್ನು ಮುಂದಿಟ್ಟು ನಿಲ್ಲುವವನು. ಅವನ ಆಟವನ್ನು ನೋಡದವರಿಗೆ ವಿವರಿಸುವುದು ಕಷ್ಟ. ತಪ್ಪಿಸಿಕೊಳ್ಳುವವರೆಂದರೆ ಓಡುವವರು ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ವಿಟೇಕರ್ ಮನಸ್ಸಿದ್ದರೆ ಓಡುತ್ತಿದ್ದ, ಇಲ್ಲದಿದ್ದರೆ ಎದುರಾಳಿಯ ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತುಕೊಂಡೇ ಅವನ ಆರೇಳು ಗುದ್ದುಗಳನ್ನು ಗಾಳಿಗೆ ಕಳಿಸುತ್ತಿದ್ದ. ಒಮ್ಮೊಮ್ಮೆ ಎದುರಾಳಿಯ ಸೊಂಟಕ್ಕಿಂತಲೂ ಕೆಳಗೆ ಕುಕ್ಕರಿಸಿ, ಅವನು ಎಲ್ಲಿ ಹೋದನೆಂದು ಹುಡುಕುವಷ್ಟರಲ್ಲಿ ಪಕ್ಕದಲ್ಲಿ ಎದ್ದು ನಿಂತಿರುತ್ತಿದ್ದ. ಗೆದ್ದ 40 ಪಂದ್ಯಗಳಲ್ಲಿ ನಾಕೌಟ್‌ಗಳು 17 ಮಾತ್ರ. ಹಾಗೆಂದು ಅವನ ಗುದ್ದು ಹಗುರವೆಂದು ತಿಳಿಯುವವರು 1990ರಲ್ಲಿ ಹುವಾನ್ ನಜಾರಿಯೊ ಮೊದಲ ಸುತ್ತಿನಲ್ಲೇ ನೆಲ ಕಂಡದ್ದನ್ನು ನೋಡಬೇಕು. ಲೈಟ್‌ವೆಯ್ಟ್‌ನ ಮೂರೂ ಪ್ರಮುಖ ಪಟ್ಟಗಳು ಅವನೊಬ್ಬನ ಸೊಂಟಕ್ಕೆ ಬಂದದ್ದು ಅಂದೇ.

'ಒಂದು ಗುದ್ದು ಸಾಕು' ಎನ್ನುವ ವಾದ ಇಲ್ಲಿಯೇ ಕುಸಿಯುತ್ತದೆ. ವಿಟೇಕರ್‌ನನ್ನು ಕೆಡವಿದವರು ಇದ್ದಾರೆ. ರೋಜರ್ ಮೇವೆದರ್ ಕೆಡವಿದ್ದ. ಮುಪ್ಪಿನ ದಿನಗಳಲ್ಲಿ, 1997ರಲ್ಲಿ, ಡಿಯೋಸ್ಬೆಲಿಸ್ ಉರ್ಟಾಡೊ ಎರಡು ಬಾರಿ ಕೆಡವಿದ್ದ. ಎರಡು ಪಂದ್ಯಗಳನ್ನೂ ಗೆದ್ದವನು ವಿಟೇಕರ್. ಅವನ ವೃತ್ತಿಜೀವನದಲ್ಲಿ ಪಂದ್ಯವನ್ನು ನಡುವೆ ನಿಲ್ಲಿಸಿ ಸೋಲೊಪ್ಪಿದ್ದು ಒಂದೇ ಸಲ, ಅದೂ ಕೊನೆಯ ಪಂದ್ಯದಲ್ಲಿ ಕೊರಳೆಲುಬು ಮುರಿದದ್ದರಿಂದ. ಹಾಗಿರುವಾಗ ಡುರಾನ್‌ನ ಒಂದು ಬಲಗೈ ಹೊಡೆತದಿಂದ ಅವನು ಮಲಗಿಬಿಡುತ್ತಾನೆ ಎನ್ನುವುದು ಹಾರೈಕೆಯೇ ಹೊರತು ವಾದವಲ್ಲ.

ನಮ್ಮ ವಾಗ್ವಾದದಲ್ಲಿ ಎಲ್ಲರೂ ಎಳೆದು ತರುವ ಸಾಕ್ಷಿಯೆಂದರೆ 1993ರ ಸೆಪ್ಟೆಂಬರ್ 10ರ ರಾತ್ರಿ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಅಲಾಮೊಡೋಮ್‌ನಲ್ಲಿ, ಬಹುಪಾಲು ಮೆಕ್ಸಿಕನ್ ಅಭಿಮಾನಿಗಳೇ ತುಂಬಿದ್ದ ಸಭೆಯ ಮುಂದೆ, 87 ಪಂದ್ಯಗಳಲ್ಲಿ ಒಂದನ್ನೂ ಸೋಲದ ಹೂಲಿಯೊ ಸೀಸರ್ ಚಾವೆಜ್‌ನನ್ನು ವಿಟೇಕರ್ ಪಾಠ ಹೇಳಿಕೊಟ್ಟಂತೆ ಆಡಿಸಿದ. ಅಚ್ಚರಿಯ ಸಂಗತಿಯೆಂದರೆ ಚಾವೆಜ್‌ನ ಸ್ವಂತ ಮನೆಯಂತಿದ್ದ ಹತ್ತಿರದ ಕಾದಾಟದಲ್ಲಿಯೇ, ಹೊಟ್ಟೆಗೆ ಹೊಡೆಯುವುದರಲ್ಲಿಯೇ, ವಿಟೇಕರ್ ಅವನನ್ನು ಮೀರಿಸಿದ. ಆದರೂ ತೀರ್ಪು ಬಂದದ್ದು ಡ್ರಾ ಎಂದು. ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9 ಅಂಕ ಎಂಬ ಲೆಕ್ಕದಲ್ಲಿ ಒಬ್ಬ ತೀರ್ಪುಗಾರ 115–113 ಎಂದು ವಿಟೇಕರ್‌ಗೆ ಕೊಟ್ಟ, ಉಳಿದಿಬ್ಬರು 115–115 ಎಂದು ಬರೆದರು. ಅದಕ್ಕೂ ಐದು ವರ್ಷ ಮೊದಲು, 1988ರಲ್ಲಿ, ಫ್ರಾನ್ಸ್‌ನಲ್ಲಿ ಹೊಸೆ ಲೂಯಿಸ್ ರಾಮಿರೆಜ್ ವಿರುದ್ಧ ನಿಚ್ಚಳವಾಗಿ ಗೆದ್ದ ಪಂದ್ಯವನ್ನು ಅವನು ಕಾಗದದ ಮೇಲೆ ಸೋತಿದ್ದ. ಗಾಳಿಗೆ ಹೋದ ಗುದ್ದಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮುಂದೆ ನುಗ್ಗಿದವನು ಕೆಲಸ ಮಾಡಿದಂತೆ ಕಾಣುತ್ತಾನೆ, ತಪ್ಪಿಸಿಕೊಂಡವನು ಕಾಲ ಕಳೆದಂತೆ ಕಾಣುತ್ತಾನೆ. ಹೀಗಾಗಿ ಚತುರ ಬಾಕ್ಸರ್ ಎದುರಿಗಿರುವ ಒಬ್ಬನ ಜೊತೆಗೆ ರಿಂಗಿನ ಹೊರಗಿನ ಮೂರು ಕುರ್ಚಿಗಳ ವಿರುದ್ಧವೂ ಆಡಬೇಕಾಗುತ್ತದೆ.

ಚಾವೆಜ್‌ನನ್ನು ಸೋಲಿಸಿದವನು ಡುರಾನ್‌ನನ್ನೂ ಸೋಲಿಸುತ್ತಾನೆ ಎನ್ನೋಣವೇ? ನನಗೆ ಅಷ್ಟು ಧೈರ್ಯವಿಲ್ಲ. ಚಾವೆಜ್ ನೇರವಾಗಿ ಹಿಂಬಾಲಿಸುತ್ತಿದ್ದ, ಡುರಾನ್ ಅಡ್ಡಗಟ್ಟುತ್ತಿದ್ದ. ಎಡಗೈ ಬಾಕ್ಸರ್‌ಗೆ ಬಲಗೈಯ ನೇರ ಹೊಡೆತವೇ ಮದ್ದು ಎಂಬ ಮಾತಿದೆ, ಆ ಹೊಡೆತವನ್ನು ಜಾಬ್‌ನ ಮುನ್ಸೂಚನೆಯಿಲ್ಲದೆ ಹಾರಿಸುವುದರಲ್ಲಿ ಡುರಾನ್ ನಿಪುಣ. 1983ರಲ್ಲಿ, ತನ್ನ ಸಹಜ ತೂಕಕ್ಕಿಂತ 25 ಪೌಂಡ್ ಮೇಲೆ, ಮುಪ್ಪಿನ ಅಂಚಿನಲ್ಲಿ, ಎಡಗೈಯ ಮಾರ್ವಿನ್ ಹ್ಯಾಗ್ಲರ್ ಎದುರು 13 ಸುತ್ತು ಮುಗಿದಾಗಲೂ ಅವನು ಇಬ್ಬರು ತೀರ್ಪುಗಾರರ ಪಟ್ಟಿಯಲ್ಲಿ ಮುಂದಿದ್ದ. ಕೊನೆಯ ಎರಡು ಸುತ್ತುಗಳಲ್ಲಿ ಹ್ಯಾಗ್ಲರ್ ಪಂದ್ಯವನ್ನು ಕಿತ್ತುಕೊಂಡ.

ಇದಕ್ಕೆ ಎದುರು ಸಾಕ್ಷಿಗಳೂ ಇವೆ, ಅವನ್ನು ಗೆಳೆಯರು ಜಾಣತನದಿಂದ ಮರೆಯುತ್ತಾರೆ. ಪೋರ್ಟೊರಿಕೊದ ಎಸ್ಟೆಬಾನ್ ಡಿ ಹೆಸುಸ್ 1972ರ ನವೆಂಬರ್‌ನಲ್ಲಿ ಮೊದಲ ಸುತ್ತಿನಲ್ಲೇ ಡುರಾನ್‌ನನ್ನು ಕೆಡವಿ, ಹತ್ತು ಸುತ್ತು ಅವನಿಗೆ ಬಾಕ್ಸಿಂಗ್ ಕಲಿಸಿ ಗೆದ್ದಿದ್ದ. ಮುಂದಿನ ಎರಡು ಪಂದ್ಯಗಳಲ್ಲಿ ಡುರಾನ್ ಅವನನ್ನು ನಾಕೌಟ್ ಮಾಡಿದ್ದು ನಿಜ. ಆದರೆ ಎಡ್ವಿನ್ ವಿರುಯೆಟ್ ಎಂಬ ಚುರುಕು ಕಾಲಿನ ಬಾಕ್ಸರ್‌ನನ್ನು ಎರಡು ಪಂದ್ಯಗಳಲ್ಲಿ, ಒಟ್ಟು 25 ಸುತ್ತುಗಳಲ್ಲಿ, ಡುರಾನ್ ಮಲಗಿಸಲಾಗಲಿಲ್ಲ. ವಿರುಯೆಟ್‌ಗೆ ಸಾಧ್ಯವಾದದ್ದು ವಿಟೇಕರ್‌ಗೆ ಸಾಧ್ಯವಿಲ್ಲವೇ? 1980ರ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ರೇ ಲಿಯೊನಾರ್ಡ್ ಅವನನ್ನು ಅಣಕಿಸಿ ಕುಣಿಸಿದಾಗ ಎಂಟನೇ ಸುತ್ತಿನಲ್ಲಿ ಬೆನ್ನು ತಿರುಗಿಸಿ ನಡೆದದ್ದನ್ನಂತೂ ಎಲ್ಲರೂ ಬಲ್ಲರು. ತೂಕ ಇಳಿಸಲು ಒದ್ದಾಡಿ ಬಂದಿದ್ದ ಆ ಡುರಾನ್ 1978ರ ಡುರಾನ್ ಅಲ್ಲ ಎಂಬ ಕಾರಣಕ್ಕೆ ನಾನು ಅದನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅಣಕ ಅವನಿಗೆ ಸಹಿಸದು ಎಂಬುದಂತೂ ಗೊತ್ತಾಯಿತು, ಅಣಕಿಸುವುದರಲ್ಲಿ ವಿಟೇಕರ್ ಯಾರಿಗೂ ಕಡಿಮೆಯಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮಲ್ಲಿ ಯಾರೂ ಎತ್ತದ ಪ್ರಶ್ನೆಯೊಂದು ಉಳಿಯುತ್ತದೆ, ನನ್ನ ಮಟ್ಟಿಗೆ ಉತ್ತರ ಇರುವುದೂ ಅದರಲ್ಲೇ: ಪಂದ್ಯ ಎಷ್ಟು ಸುತ್ತು? ಡುರಾನ್ ಲೈಟ್‌ವೆಯ್ಟ್ ಪಟ್ಟ ಕಾದದ್ದು 15 ಸುತ್ತುಗಳ ಕಾಲದಲ್ಲಿ. 1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ವಿರುದ್ಧದ ಪಂದ್ಯದ ನಂತರ ಕೊರಿಯಾದ ಕಿಮ್ ಡುಕ್ ಕೂ ತೀರಿಕೊಂಡ ಮೇಲೆ ಒಂದೊಂದಾಗಿ ಸಂಸ್ಥೆಗಳು 12 ಸುತ್ತಿಗೆ ಇಳಿದವು. ಆ ದಶಕದ ಕೊನೆಯಲ್ಲಿ ವಿಟೇಕರ್ ಚಾಂಪಿಯನ್ ಆಗುವಾಗ 15 ಸುತ್ತಿನ ಪಂದ್ಯ ಹಳೆಯ ಕಥೆಯಾಗಿತ್ತು. ಈಗ ಡುರಾನ್ ಗೆಲುವುಗಳ ಪಟ್ಟಿಯನ್ನು ನೋಡಿ. ಬುಕ್ಯಾನನ್ 13ನೇ ಸುತ್ತು. ರೇ ಲ್ಯಾಂಪ್ಕಿನ್ 14ನೇ ಸುತ್ತು. ಲೂ ಬಿಜ್ಜಾರೊ 14ನೇ ಸುತ್ತು. ಲಿಯೋನ್ಸಿಯೊ ಒರ್ಟಿಜ್ 15ನೇ ಸುತ್ತು. ಇವರು ನಾಲ್ವರೂ 12 ಸುತ್ತಿನ ಕಾಲದಲ್ಲಿ ಹುಟ್ಟಿದ್ದರೆ ಕಾಲ ಮೇಲೆ ನಿಂತು ತೀರ್ಪು ಕೇಳುತ್ತಿದ್ದರು. ಪಕ್ಕೆಗೆ ಹಾಕಿದ ಗುದ್ದು ಸಾಲ ಕೊಟ್ಟ ಹಾಗೆ, ಡುರಾನ್ ಅದರ ಬಡ್ಡಿಯನ್ನು 12ರ ಗಂಟೆ ಬಾರಿಸಿದ ಮೇಲೆ ವಸೂಲಿ ಮಾಡುತ್ತಿದ್ದ.

ಆದ್ದರಿಂದ ನನ್ನ ಕಲ್ಪನೆಯ ಪಂದ್ಯ ಹೀಗಿದೆ. ಮೊದಲ ಐದು ಸುತ್ತುಗಳಲ್ಲಿ ನಾಲ್ಕು ವಿಟೇಕರ್‌ಗೆ. ಅವನ ಬಲಗೈ ಜಾಬ್ ಡುರಾನ್‌ನ ಹಣೆಯಲ್ಲಿ ಮನೆ ಮಾಡಿಕೊಳ್ಳುತ್ತದೆ. ಆರರಿಂದ ಒಂಬತ್ತರವರೆಗೆ ಡುರಾನ್ ತಲೆಯನ್ನು ಹುಡುಕುವುದನ್ನು ಬಿಟ್ಟು ತೋಳು, ಪಕ್ಕೆ, ಎದೆ, ಸಿಕ್ಕಿದ್ದಕ್ಕೆಲ್ಲ ಹೊಡೆಯುತ್ತಾನೆ, ಭುಜದಿಂದ ತಳ್ಳುತ್ತಾನೆ, ರೆಫರಿಯ ಕಣ್ಣು ತಪ್ಪಿಸಿ ತಲೆಯಿಂದ ಗುಮ್ಮುತ್ತಾನೆ. ಆ ನಾಲ್ಕರಲ್ಲಿ ಮೂರು ಸುತ್ತು ಅವನಿಗೆ. ವಿಟೇಕರ್ ಕೂಡ ಮಡಿವಂತನಲ್ಲ, ಸೊಂಟದ ಕೆಳಗೆ ಎರಡು ಹಾಕುತ್ತಾನೆ. ಹತ್ತು ಮತ್ತು ಹನ್ನೊಂದರಲ್ಲಿ ಒಂದೊಂದು ಇಬ್ಬರಿಗೂ. ಹನ್ನೆರಡರಲ್ಲಿ ವಿಟೇಕರ್ ಕಾಲುಗಳನ್ನು ಬಳಸಿ ಸುತ್ತನ್ನು ಕದಿಯುತ್ತಾನೆ. ಅಲ್ಲಿಗೆ ನಿಲ್ಲಿಸಿದರೆ ನನ್ನ ಪಟ್ಟಿಯಲ್ಲಿ 115–113, ವಿಟೇಕರ್ ಗೆದ್ದ. 1976ರ ನಿಯಮದಂತೆ ಇನ್ನೂ ಮೂರು ಸುತ್ತು ಆಡಿಸಿದರೆ, ಒಂಬತ್ತು ನಿಮಿಷ ಆ ಮನುಷ್ಯನ ಎದುರು ದಣಿದ ಕಾಲುಗಳಲ್ಲಿ ನಿಲ್ಲಬೇಕಾದ ವಿಟೇಕರ್ ಬೀಳುವುದಿಲ್ಲವಾದರೂ ಮೂರರಲ್ಲಿ ಮೂರನ್ನೂ ಕಳೆದುಕೊಳ್ಳುತ್ತಾನೆ, ಡುರಾನ್ ಒಂದೇ ಅಂಕದಿಂದ ಗೆಲ್ಲುತ್ತಾನೆ.

ಗೆಳೆಯರು ಇದನ್ನು ಜಾರಿಕೊಳ್ಳುವ ಉತ್ತರವೆಂದು ಜರೆದಿದ್ದಾರೆ. ಒಂದನ್ನೇ ಆರಿಸು ಎಂದರೆ ಈಗಿನ ನಿಯಮವಾದ 12 ಸುತ್ತನ್ನೇ ಹಿಡಿದು ವಿಟೇಕರ್ ಎನ್ನುತ್ತೇನೆ. ಆದರೆ ಪಂದ್ಯ ನಡೆಯುವುದು ಪನಾಮಾದಲ್ಲಾದರೆ, ಆ ಮೂರು ಕುರ್ಚಿಗಳ ಪೈಕಿ ಎರಡರಲ್ಲಿ ಕೂತವರು ಮತ್ತೆ 115–115 ಎಂದೇ ಬರೆಯುತ್ತಾರೆ.