ಆ ಗುಲಾಬಿ ಮಂಗಗಳ ಬಾಕಿ ಇನ್ನೂ ತೀರಿಲ್ಲ

ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ಆದರೆ ಬಂದಾಗಿನಿಂದ ಹೊಟ್ಟೆ ಉರೀತಾ ಇದೆ. ಎರಡು ದಿನ ತಡೆದುಕೊಂಡೆ, ಇವತ್ತು ಬರೆದೇ ಬಿಡ್ತೀನಿ.

ವಿಷಯ ಲಯನ್ ಕಿಂಗ್ ಗೇಮ್. ಹೌದು, ಅದೇ, 1994ರಲ್ಲಿ ಕಾರ್ಟೂನ್ ಸಿನಿಮಾ ಬಂದ ವರ್ಷವೇ ಅದರ ಬೆನ್ನಿಗೆ ಬಂದದ್ದು. ನಗೋರು ನಕ್ಕುಬಿಡಿ, ಆಮೇಲೆ ಮುಂದಕ್ಕೆ ಓದಿ.

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಹಳೇ ಅಲ್ಲಾದ್ದೀನ್, ಲಯನ್ ಕಿಂಗ್ ಎರಡನ್ನೂ ಸೇರಿಸಿ 2019ರಲ್ಲಿ ಮತ್ತೆ ಬಿಡುಗಡೆ ಮಾಡಿದರಲ್ಲ, ಅದನ್ನ ಟಿವಿಗೆ ಹಾಕಿಕೊಂಡು ಕೂತಿದ್ದ. ಅದರಲ್ಲೊಂದು ಹೊಸ ಸೌಲಭ್ಯ: ರಿವೈಂಡ್. ಆಟದ ನಾಯಕ, ಸಿಂಹದ ಮರಿ ಸಿಂಬ ಸತ್ತರೆ ಬಟನ್ ಒತ್ತೋದು, ಕ್ಯಾಸೆಟ್ ಹಿಂದಕ್ಕೆ ಸುತ್ತಿದ ಹಾಗೆ ಸಾವೇ ಹಿಂದಕ್ಕೆ ಹೋಗುತ್ತೆ. ಕೆಳಗೆ ಬಿದ್ದ ಮರಿ ಎಗರಿ ಬಂದು ಜಿರಾಫೆ ತಲೆ ಮೇಲೆ ಕೂರುತ್ತೆ. ಏನೂ ಆಗೇ ಇಲ್ಲ ಅನ್ನೋ ಥರ. ಎರಡನೇ ಲೆವೆಲ್ಲನ್ನ ಈ ಪುಣ್ಯಾತ್ಮ ನಡುನಡುವೆ ಚಕ್ಕುಲಿ ಕಡೀತಾ ಹತ್ತು ನಿಮಿಷದಲ್ಲಿ ಮುಗಿಸಿದ.

ಎರಡನೇ ಲೆವೆಲ್! ಹತ್ತು ನಿಮಿಷ!

ಚಿತ್ರದುರ್ಗದಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿ ಕೊನೆಯಲ್ಲೊಂದು ಕಂಪ್ಯೂಟರ್ ಸೆಂಟರ್ ಇತ್ತು. ಕಲಿಸುತ್ತಿದ್ದದ್ದು ಡಾಸ್, ವರ್ಡ್‌ಸ್ಟಾರ್. ಶನಿವಾರ ಮಧ್ಯಾಹ್ನ ಮಾತ್ರ ಹುಡುಗರಿಗೆ ಆಟಕ್ಕೆ ಬಿಡುತ್ತಿದ್ದರು, ಅರ್ಧ ಗಂಟೆಗೆ ಹತ್ತು ರೂಪಾಯಿ. ಕಲರ್ ಮಾನಿಟರ್ ಇದ್ದದ್ದು ಒಂದೇ. ಚಪ್ಪಲಿ ಹೊರಗೆ ಬಿಟ್ಟು ಪಾಳಿ ಕಾಯಬೇಕು, ಹಿಂದೆ ಆರು ಜನ ನಿಂತು 'ಹಾರೋ, ಈಗ ಹಾರೋ' ಅಂತ ಕಿವಿಯಲ್ಲೇ ಕೂಗುತ್ತಿದ್ದರು. ಮೊದಲನೇ ಲೆವೆಲ್ ನೀರು ಕುಡಿದಷ್ಟು ಸಲೀಸು. ಮುಳ್ಳುಹಂದಿ ಬಂದರೆ ಉರುಳಿ ಮಗುಚಿ ಹಾಕು, ಹೊಟ್ಟೆ ಮೇಲೆ ಹಾರು, ಮುಗೀತು. ಆಮೇಲೆ ಬರುತ್ತವೆ ಮಂಗಗಳು.

ಆಡದೇ ಇದ್ದವರಿಗೆ ಹೇಳ್ತೀನಿ. ಗುಲಾಬಿ ಬಣ್ಣದ ಮಂಗಗಳು ಮರದಿಂದ ಮರಕ್ಕೆ ನಮ್ಮ ಸಿಂಹದ ಮರಿಯನ್ನ ಚೆಂಡಿನ ಹಾಗೆ ಎಸೆದಾಡುತ್ತವೆ. ಯಾವ ದಿಕ್ಕಿಗೆ ಎಸೆಯಬೇಕು ಅನ್ನೋದನ್ನ ನಾವು ಮೊದಲೇ ಗೊತ್ತು ಮಾಡಬೇಕು. ಮಂಗದ ಮುಂದೆ ನಿಂತು ಗರ್ಜಿಸಿದರೆ ಅದು ತಿರುಗಿ ಕೂರುತ್ತೆ. ಯಾವ ಮಂಗನಿಗೆ ಗರ್ಜಿಸಬೇಕು, ಯಾವುದಕ್ಕೆ ಬಾರದು, ಒಬ್ಬರೂ ಹೇಳುವವರಿಲ್ಲ. ಒಂದು ತಪ್ಪಿದರೆ ಕೈಯಿಂದ ಕೈಗೆ ಹಾರಿ, ಪಲ್ಟಿ ಹೊಡೆದು, ಹೊರಟಲ್ಲಿಗೇ ಬಂದು ಬೀಳಬೇಕು. ಸರಿಯಾಗಿ ಹೊಂದಿಸಿಕೊಂಡೆವು ಅನ್ನೋ ಹೊತ್ತಿಗೆ 'ಟೈಮ್ ಆಯ್ತು ಏಳಪ್ಪ' ಅಂತ ಹಿಂದಿನಿಂದ ಭುಜ ತಟ್ಟೋರು. ನಮ್ಮ ಕೋಟೆ ಮಂಗಗಳು ಎಷ್ಟೋ ವಾಸಿ. ಬಾಳೆಹಣ್ಣು ಕೊಟ್ಟರೆ ಬಿಟ್ಟುಬಿಡುತ್ತವೆ.

ಎರಡು ವರ್ಷ. ಎಷ್ಟು ಶನಿವಾರ, ಎಷ್ಟು ಹತ್ತು ರೂಪಾಯಿ ಅಂತ ಲೆಕ್ಕ ಹಾಕೋ ಧೈರ್ಯ ನನಗಿಲ್ಲ. ಕೈ ನಿಧಾನ, ತಲೆ ಮಂದ, ಅದಕ್ಕೇ ಆಗ್ತಿಲ್ಲ ಅಂತ ನಂಬಿದ್ದೆ. ಗಣಿತದಲ್ಲಿ ನಪಾಸಾದಾಗಲೂ ಅಷ್ಟು ಬೇಜಾರಾಗಿರಲಿಲ್ಲ.

ದೊಡ್ಡವನಾದ ಮೇಲೆ ಗೊತ್ತಾಯ್ತು, ತಪ್ಪು ನಂದಲ್ಲ. ಗೇಮ್ ಮಾರುಕಟ್ಟೆಗೆ ತಂದದ್ದು ವರ್ಜಿನ್ ಕಂಪನಿ, ಮಾಡಿದ್ದು ವೆಸ್ಟ್‌ವುಡ್ ಸ್ಟುಡಿಯೋಸ್. ವೆಸ್ಟ್‌ವುಡ್ ಸಂಸ್ಥಾಪಕರಲ್ಲೊಬ್ಬರಾದ ಲೂಯಿಸ್ ಕ್ಯಾಸಲ್ ಬಾಯಿಬಿಟ್ಟು ಹೇಳಿದ್ದಾರೆ. ಅಮೆರಿಕದಲ್ಲಿ ಆಗ ಗೇಮ್ ಕ್ಯಾಸೆಟ್ಟನ್ನ ಬಾಡಿಗೆಗೆ ಕೊಡೋ ಅಂಗಡಿಗಳಿದ್ದವು. ಬಾಡಿಗೆಗೆ ತಂದ ಹುಡುಗ ಎರಡು ಮೂರು ದಿನದಲ್ಲೇ ಬಹುಪಾಲು ಆಡಿ ಮುಗಿಸಿಬಿಟ್ಟರೆ ಯಾರು ಕೊಳ್ತಾರೆ? ಅದಕ್ಕೇ ಮೇಲಿನಿಂದ ಅಪ್ಪಣೆ ಬಂತು: ಮುಂದಕ್ಕೆ ಹೋಗದ ಹಾಗೆ ಕಷ್ಟ ಮಾಡಿ. ಮಂಗಗಳ ಆಟ ಅಷ್ಟು ಬಿಗಿಯಾದದ್ದು ಹಾಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ. ಅಲ್ಲಿ ಯಾರೋ ಕ್ಯಾಸೆಟ್ ಬಾಡಿಗೆ ತಂದರೆ ಇಲ್ಲಿ ಚಿತ್ರದುರ್ಗದ ಹುಡುಗ ಮಂಗ ಆಗಬೇಕು. ಬಾಡಿಗೆ ಅನ್ನೋದು ನಮಗೂ ಗೊತ್ತಿತ್ತು ಸ್ವಾಮಿ. ಹಬ್ಬಕ್ಕೆ ವಿಸಿಪಿ, ಟಿವಿ, ಮೂರು ಸಿನಿಮಾ ಬಾಡಿಗೆಗೆ ತಂದು ರಾತ್ರಿಯಿಡೀ ನೋಡಿದ ಜನ ನಾವು. ಆ ಕ್ಯಾಸೆಟ್ ನಡುವೆ ನಿಂತು 'ಮುಂದಿನ ರೀಲ್ ನೋಡಬೇಕಾದರೆ ಮಂಗನಿಗೆ ಗರ್ಜಿಸು' ಅಂದಿದ್ದರೆ ಅಂಗಡಿಯವನ ಗತಿ ಏನಾಗ್ತಿತ್ತು?

ಇನ್ನೂ ಒಂದಿದೆ, ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ಅಮೆರಿಕದಲ್ಲಿ 1990ರಲ್ಲಿ ಒಂದು ಕಾನೂನು ಮಾಡಿದರು: ಕಂಪ್ಯೂಟರ್ ಸಾಫ್ಟ್‌ವೇರನ್ನ ಮಾಲೀಕರ ಒಪ್ಪಿಗೆ ಇಲ್ಲದೆ ಬಾಡಿಗೆಗೆ ಬಿಡುವ ಹಾಗಿಲ್ಲ. ವಿನಾಯಿತಿ ಕೊಟ್ಟದ್ದು ಸೆಗಾ, ನಿಂಟೆಂಡೋ ಥರದ ಆಟದ ಪೆಟ್ಟಿಗೆಗಳಿಗೆ. ನಾನು ಆಡಿದ್ದು ಕಂಪ್ಯೂಟರಿನ ಡಾಸ್ ಆವೃತ್ತಿ. ಅಂದರೆ ಬಾಡಿಗೆಯ ಭಯ ಅಲ್ಲೂ ಇರಲಿಲ್ಲ, ಇಲ್ಲಂತೂ ಇರಲೇ ಇಲ್ಲ. ಆದರೂ ಅದೇ ಮಂಗಗಳನ್ನ ಹಾಗೇ ಎತ್ತಿ ಇದಕ್ಕೂ ಹಾಕಿದರು. ಒಬ್ಬನಿಗಾದರೂ 'ಇಲ್ಲಿ ಬೇಡ, ಸ್ವಲ್ಪ ಸಡಿಲ ಬಿಡೋಣ' ಅನ್ನಿಸಲಿಲ್ಲವಾ?

ಇದನ್ನೆಲ್ಲ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಹೇಳಿದರೆ ಒಬ್ಬ ಗೆಳೆಯ ಶುರು ಮಾಡಿದ: 'ಹಳೇ ಗೇಮ್‌ಗಳೆಲ್ಲ ಕಷ್ಟವೇ ಕಣೋ, ಅದರಲ್ಲೇ ಮಜಾ, ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ.' ಆಹಾ. ಈ ಮಹಾಶಯ ಕ್ಯೂ ಇದೆ ಅಂತ ಮದುವೆ ಊಟ ಬಿಟ್ಟು ಬಂದವನು. ಗುಂಡು ಹಾರಿಸೋ ಹಳೇ ಗೇಮ್ ಕಾಂಟ್ರಾ ಕಷ್ಟವೇ, ಒಪ್ತೀನಿ. ಆದರೆ ಅದರಲ್ಲಿ ಗುಂಡು ತಗುಲಿ ಸತ್ತೆ ಅಂತ ಗೊತ್ತಾಗುತ್ತೆ, ಮುಂದಿನ ಸಲ ಬಗ್ಗುತ್ತೀವಿ. ಬೇರೆ ಯಾಕೆ, ಇದಕ್ಕೆ ಒಂದು ವರ್ಷ ಮುಂಚೆ, 1993ರಲ್ಲಿ, ಇದೇ ವರ್ಜಿನ್ ಕಂಪನಿ ತಂದ ಅಲ್ಲಾದ್ದೀನ್ ನೋಡಿ. ಅದೂ ಕಾರ್ಟೂನ್ ಸಿನಿಮಾದಿಂದಲೇ ಬಂದದ್ದು. ಗುಹೆಯಿಂದ ಚಾಪೆ ಮೇಲೆ ಹಾರಿ ತಪ್ಪಿಸಿಕೊಳ್ಳೋ ಲೆವೆಲ್ಲಲ್ಲಿ ಎದೆ ಬಾಯಿಗೆ ಬರುತ್ತೆ, ಆದರೂ ಒಂದು ಕೈ ಬಂದು ಮೇಲೆ ಹೋಗು, ಕೆಳಗೆ ಹೋಗು ಅಂತ ತೋರಿಸುತ್ತೆ. ಸತ್ತರೆ ನಾವೇ ಹೊಣೆ. ಕಷ್ಟ ಕೊಡೋದೂ ಒಂದು ಮರ್ಯಾದೆ. ಮಂಗನಲ್ಲಿ ಆ ಮರ್ಯಾದೆ ಇಲ್ಲ.

ಸರಿ, ಬೈದದ್ದು ಸಾಕು. ಆಟ ಚಂದ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ, ಸಿಟ್ಟಿಗೆ ಕಾರಣವೂ ಅದೇ. ಬೊಂಬೆಗಳನ್ನ ಬರೆದದ್ದು ಸಿನಿಮಾದ ಕಡೆಯ ಚಿತ್ರಕಾರರೇ. ಮರಿ ಬಂಡೆಯ ಅಂಚು ಹಿಡಿದು ನೇತಾಡುವಾಗ ಹಿಂಗಾಲು ಪರಚೋದು ಕಾಣುತ್ತೆ. ಗರ್ಜಿಸೋಕೆ ಹೋದರೆ ಬೆಕ್ಕಿನ ಮರಿ ಸೀನಿದ ಹಾಗೆ ಸಣ್ಣ ಸದ್ದು. ಕಾಡೆಮ್ಮೆಗಳ ಹಿಂಡು ಅಟ್ಟಿಸಿಕೊಂಡು ಬರೋ ನಾಲ್ಕನೇ ಲೆವೆಲ್ಲಲ್ಲಿ ಸಿಂಬ ನಮ್ಮ ಕಡೆ ಮುಖ ಮಾಡಿ ಓಡಿ ಬರ್ತಾನೆ, ಧೂಳು ಕಣ್ಣಿಗೇ ಬಿತ್ತೇನೋ ಅನ್ನಿಸುತ್ತೆ. ಇಷ್ಟು ಒಳ್ಳೇ ಅಡುಗೆ ಮಾಡಿಟ್ಟು ಬಾಗಿಲಲ್ಲಿ ಮಂಗನನ್ನ ಕೂರಿಸಿದರಲ್ಲ ಅಂತ ಸಂಕಟ.

ಭಾನುವಾರ ಹುಡುಗ ಏಳನೇ ಲೆವೆಲ್ಲಿಗೆ ಬಂದ. ತೆರೆ ಮೇಲೆ ದೊಡ್ಡ ಸಿಂಹ. ತುಂಬು ಕೇಸರ, ಅಗಲ ಎದೆ, ಪಂಜ ಎತ್ತಿದರೆ ಎದುರಿಗಿದ್ದದ್ದು ಬಿದ್ದೇ ಹೋಗುತ್ತೆ. 'ಇದು ಯಾರು?' ಅಂತ ಬಾಯಿ ತಪ್ಪಿ ಕೇಳಿಬಿಟ್ಟೆ. 'ಸಿಂಬ ಮಾಮ, ದೊಡ್ಡವನಾದ' ಅಂದ. ನನ್ನ ಸಿಂಬ ಮರಿಯಾಗೇ ಇದ್ದ. ಮಂಗಗಳನ್ನ ನಾನು ದಾಟಿದ್ದು ಜೀವಮಾನದಲ್ಲಿ ಒಂದೇ ಸಲ, ಅವತ್ತೂ ಮೂರನೇ ಲೆವೆಲ್ಲಲ್ಲಿ ಕತ್ತೆಕಿರುಬ ಸಿಕ್ಕಿ ಮುಗೀತು. ಅವನಿಗೆ ಕೇಸರ ಬರುತ್ತೆ ಅಂತ ಸಿನಿಮಾ ನೋಡಿ ಗೊತ್ತಿತ್ತು, ನನ್ನ ಕೈಯಲ್ಲಿ ಬರಲಿಲ್ಲ ಅಷ್ಟೆ.

ಇನ್ನೊಂದು ಹೇಳಲೇಬೇಕು. ಆ ಹತ್ತು ರೂಪಾಯಿಗಳಲ್ಲಿ ಎಷ್ಟೋ ಅಪ್ಪನ ಅಂಗಿ ಜೇಬಿನವು. ಅನುಮಾನ ಅಕ್ಕನ ಮೇಲೆ ಹೋಯ್ತು, ಒಂದು ಸಲ ಕೆನ್ನೆಗೆ ಏಟೂ ಬಿತ್ತು. ನಾನು ಪಕ್ಕದಲ್ಲೇ ಕೂತು ತಲೆ ಬಗ್ಗಿಸಿ ಹೋಂವರ್ಕ್ ಬರೀತಿದ್ದೆ. ಅಕ್ಕ, ನೀನು ಇದನ್ನ ಓದ್ತೀಯ ಅಂತ ಗೊತ್ತಿದ್ದೇ ಬರೀತಿದೀನಿ.

ಸಂಜೆ ಹೊತ್ತಿಗೆ ಹುಡುಗ ಕೊನೇ ಲೆವೆಲ್ ತಲುಪಿದ. ಎದುರಿಗೆ ಸ್ಕಾರ್, ಕಥೆಯ ಖಳನಾಯಕ ಸಿಂಹ. ಹೊಡೀತಾನೆ, ಹೊಡೀತಾನೆ, ಅವನು ಸಾಯ್ತಾನೇ ಇಲ್ಲ. ರಿವೈಂಡ್ ಮಾಡ್ತಾನೆ, ಮತ್ತೆ ಹೊಡೀತಾನೆ. ಅವನನ್ನ ಎತ್ತಿ ಬಂಡೆಯ ಅಂಚಿನಿಂದ ಕೆಳಗೆ ಎಸೀಬೇಕಂತೆ, ಎಷ್ಟು ಹೊಡೆದರೂ ಪ್ರಯೋಜನ ಇಲ್ಲವಂತೆ. ಅದನ್ನೂ ಗೇಮ್ ಹೇಳೋದಿಲ್ಲ! ನಾನು ತಿಳಿದುಕೊಂಡಿದ್ದು ರಾತ್ರಿ ಮನೆಗೆ ಬಂದು ಯೂಟ್ಯೂಬ್ ನೋಡಿ. ಅಲ್ಲಿ, ಆ ಹೊತ್ತಿಗೆ, ಹುಡುಗ ಕಂಟ್ರೋಲರ್ ನನ್ನ ಕೈಗೆ ಕೊಟ್ಟ.

'ಮಾಮ, ಚಿಕ್ಕವನಿದ್ದಾಗ ಇದನ್ನ ಪೂರ್ತಿ ಮುಗಿಸಿದ್ದೆ ಅಂದಿದ್ದೆಯಲ್ಲ, ಇವನನ್ನ ಹೇಗೆ ಸಾಯಿಸಿದೆ?'

'ನಮ್ಮ ಕಾಲದ್ದು ಬೇರೆ ಕಣೋ, ಅದರಲ್ಲಿ ಇವನು ಇರಲಿಲ್ಲ' ಅಂದು ಕಾಫಿ ಆಯ್ತೇನೋ ನೋಡೋಕೆ ಅಡುಗೆಮನೆಗೆ ಎದ್ದು ಹೋದೆ.