ಶಾಲೆಯ ಲ್ಯಾಪ್‌ಟಾಪಲ್ಲೇ ಒಂದು ಸರ್ವರ್

ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಓಡುವುದು ಲಿನಕ್ಸ್. ಶಾಲೆಗಳಿಗೆ ಕಂಪ್ಯೂಟರ್ ತಂದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪನಿ ಆದ ಮೇಲೂ ಅದು ಬದಲಾಗಲಿಲ್ಲ. ಹಾಗಾಗಿ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಲಿನಕ್ಸ್ ಸಿಕ್ಕಿದೆ. ಕಾಸರಗೋಡಿನವರು ಬರೀ ಗೋಳು ಹೇಳುತ್ತೇವೆ ಅಂತ ಬೈಯುವವರಿದ್ದಾರೆ, ಇಗೋ ಒಂದು ಒಳ್ಳೆಯ ಸುದ್ದಿ. ಆದರೆ ಅದರೊಳಗಿನ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆದು ಆಟ ಆಡಿದ ಮಕ್ಕಳನ್ನು ನಾನು ಕಂಡದ್ದು ಕಡಿಮೆ. ನನ್ನನ್ನು ಕೇಳಿದರೆ, ಅವರ ಕೈಯಲ್ಲಿ ಮೊದಲು ಶೆಲ್ ಸ್ಕ್ರಿಪ್ಟಿನಲ್ಲಿ ಒಂದು ಪುಟ್ಟ ಸರ್ವರ್ ಬರೆಸಬೇಕು. ಟರ್ಮಿನಲಿನಲ್ಲಿ ಆಜ್ಞೆ ಕೇಳಿ ನಡೆಸುವುದು ಶೆಲ್, ಆ ಆಜ್ಞೆಗಳನ್ನು ಫೈಲಿನಲ್ಲಿ ಬರೆದಿಟ್ಟರೆ ಅದು ಸ್ಕ್ರಿಪ್ಟ್.

ಸರ್ವರ್ ಅಂದರೆ ಎಲ್ಲೋ ಏಸಿ ಕೋಣೆಯಲ್ಲಿರುವ ದೊಡ್ಡ ಪೆಟ್ಟಿಗೆ ಅಂತ ನಂಬಿಕೊಂಡಿದ್ದೇವೆ. ಅಸಲಿಗೆ ಅದು ಕೇಳಿದ್ದನ್ನು ಓದಿ ಉತ್ತರ ಕೊಡುವ ಒಂದು ಪ್ರೋಗ್ರಾಮ್, ಅಷ್ಟೇ. 1986ರ ಬಿಎಸ್‌ಡಿ ಯುನಿಕ್ಸಿನಲ್ಲೇ ಐನೆಟ್‌ಡಿ ಅಂತ ಒಂದು ಪ್ರೋಗ್ರಾಮ್ ಬಂತು, ಆ ಯುನಿಕ್ಸ್ ಲಿನಕ್ಸಿಗಿಂತ ಹಳೆಯದು. ಜಗಲಿಯಲ್ಲಿ ಕೂತ ಅಜ್ಜನ ಹಾಗೆ, ಬಂದವರನ್ನು ಕಂಡು ಒಳಗಿಂದ ಬೇಕಾದವರನ್ನು ಕರೆಯುವುದು ಅದರ ಕೆಲಸ. ಹಾಗೆ ಬಂದ ಪ್ರೋಗ್ರಾಮಿಗೆ ನೆಟ್‌ವರ್ಕಿನ ಗಂಧ ಗಾಳಿ ಬೇಡ. ಕೀಬೋರ್ಡಿನಿಂದ ಓದುವ ಹಾಗೆ ಓದುತ್ತದೆ, ಸ್ಕ್ರೀನಿಗೆ ಬರೆಯುವ ಹಾಗೆ ಬರೆಯುತ್ತದೆ. ಇವತ್ತು ಅಜ್ಜನ ಜಾಗದಲ್ಲಿ ನೆಟ್‌ಕ್ಯಾಟ್ ಕೂರಿಸಿ, 8080ನೇ ಪೋರ್ಟು, ಅಂದರೆ ಬರುವವರಿಗೆ ಬಾಗಿಲಿನ ನಂಬರು, ಕೊಟ್ಟು, ಹೋಗಲೊಂದು ಬರಲೊಂದು ಪೈಪಿನಿಂದ ಸ್ಕ್ರಿಪ್ಟಿಗೆ ಜೋಡಿಸಿದರೆ ಆಯಿತು. ಒಂದು ಪ್ರೋಗ್ರಾಮ್ ಬರೆದದ್ದನ್ನು ಇನ್ನೊಂದಕ್ಕೆ ಹರಿಸುವುದೇ ಪೈಪು.

ಮೊನ್ನೆ ಅಕ್ಕನ ಮಗಳು ಇದನ್ನೇ ಮಾಡಿದಳು. ಅಡಿಕೆ ರೇಟು ಬರೆದ ಫೈಲೊಂದನ್ನು ಭಾವನ ಫೋನಿನ ಬ್ರೌಸರಿಗೆ ಕಳಿಸಬೇಕಿತ್ತು. ಬ್ರೌಸರ್ ಸುಮ್ನೆ ಸುತ್ತುತ್ತಲೇ ಇತ್ತು. ಬ್ರೌಸರಿನ ಕೋರಿಕೆ ಮುಗಿಯುವುದು ಒಂದು ಖಾಲಿ ಸಾಲಿನಿಂದ. ಆದರೆ ಎಚ್‌ಟಿಟಿಪಿಯಲ್ಲಿ (ಬ್ರೌಸರು, ಸರ್ವರು ಮಾತಾಡಿಕೊಳ್ಳುವ ರೀತಿ ಅದು) ಪ್ರತಿ ಸಾಲಿನ ಬಾಲಕ್ಕೂ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಎಂಬ ಗುರುತು ಅಂಟಿರುತ್ತದೆ, ಶೆಲ್ಲಿಗೆ ಅದು ಖಾಲಿ ಅಲ್ಲವೇ ಅಲ್ಲ. ಸ್ಕ್ರಿಪ್ಟು ಮುಂದಿನ ಸಾಲಿಗೆ ಕಾಯುತ್ತದೆ, ಬ್ರೌಸರು ಉತ್ತರಕ್ಕೆ ಕಾಯುತ್ತದೆ. ಬಾಲ ಕತ್ತರಿಸಿದ ಮೇಲೆ ಪುಟ ಬಂತು.

ಕನ್ನಡದಲ್ಲಿ ಇನ್ನೊಂದು ಮಜಾ ಇದೆ. ಉತ್ತರದ ಜೊತೆ ಅದರ ಉದ್ದವನ್ನೂ ಬೈಟುಗಳಲ್ಲಿ ಹೇಳುವುದು ವಾಡಿಕೆ. ಯುಟಿಎಫ್-8ರಲ್ಲಿ (ಕಂಪ್ಯೂಟರು ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ) ನಮ್ಮ ಅಕ್ಷರ, ಕಾಗುಣಿತದ ಗುರುತು, ಒತ್ತಿಗೆ ಬೇಕಾದ ವಿರಾಮ (್) ಎಲ್ಲಕ್ಕೂ ತಲಾ 3 ಬೈಟು. 'ನಮಸ್ಕಾರ' ಎಷ್ಟು ಉದ್ದ ಅಂತ ಬ್ಯಾಷನ್ನು, ಅಂದರೆ ನಾವು ಬಳಸುವ ಶೆಲ್ಲನ್ನು, ಕೇಳಿದರೆ 7 ಅನ್ನುತ್ತದೆ. ಬೈಟು ಎಣಿಸಿದರೆ 21. ಉದ್ದ 7 ಅಂತ ಕಳಿಸಿ ನೋಡಿ: ಬ್ರೌಸರಿನಲ್ಲಿ 'ನಮ' ಬರುತ್ತದೆ, ಅದರ ಪಕ್ಕ ಒಂದು ಮುರುಕು ಗುರುತು, ಅಲ್ಲಿಗೆ ಮುಗಿಯಿತು. ಬರೀ ಇಂಗ್ಲಿಷಿನಲ್ಲಿ ಬರೆದು ಕಲಿತವರಿಗೆ ಈ ಗುಂಡಿ ವರ್ಷಗಟ್ಟಲೆ ಕಾಣುವುದಿಲ್ಲ. ನಮ್ಮ ಮಕ್ಕಳು ಮೊದಲ ದಿನವೇ ಬೀಳುತ್ತಾರೆ. ಬೀಳಲಿ ಬಿಡಿ.

ಪೈಥಾನ್ ಭಾಷೆಯಲ್ಲಿ ಇದೆಲ್ಲ ಒಂದೇ ಸಾಲು ಅಲ್ವಾ ಅಂತ ಕೇಳಬಹುದು. ಹೌದು. ಕೆಲಸ ಮುಗಿಸಲು ಅದೇ ಸರಿ. ಆದರೆ ಒಳಗೇನು ನಡೆಯಿತು ಅಂತ ಜಾಸ್ತಿ ಗೊತ್ತಾಗುವುದಿಲ್ಲ. ಶೆಲ್ಲಿನಲ್ಲಿ ಬ್ರೌಸರ್ ಕಳಿಸಿದ್ದೆಲ್ಲ ಸಾಲುಸಾಲಾಗಿ ಕಣ್ಣೆದುರು ಬೀಳುತ್ತದೆ. ತಾನು ಯಾವ ಬ್ರೌಸರು, ಯಾವ ಭಾಷೆ ಬೇಕು ಅಂತ ಕೇಳದೆಯೇ ಹೇಳುತ್ತದೆ. ಒಂದು ಪುಟ ಕೇಳಿದರೆ ಫೇವಿಕಾನ್ ಅನ್ನೋ ಪುಟಾಣಿ ಚಿತ್ರವನ್ನೂ ತಾನಾಗಿ ಕೇಳುತ್ತದೆ.

ಒಂದೇ ಷರತ್ತು, ಇದು ಮನೆ ಅಥವಾ ಲ್ಯಾಬಿನ ವೈಫೈ ಬಿಟ್ಟು ಹೊರಗೆ ಹೋಗಕೂಡದು. ಫೈಲಿನ ಹೆಸರಲ್ಲಿ ಎರಡು ಚುಕ್ಕೆ ಹಾಕಿ ಮೇಲಿನ ಫೋಲ್ಡರಿಗೆ ಹತ್ತುವುದು ಹಳೆಯ ಕಿತಾಪತಿ. 2014ರಲ್ಲಿ ಬಯಲಾದ ಶೆಲ್‌ಶಾಕ್ ದೋಷ ಇದ್ದದ್ದು ಈ ಬ್ಯಾಷಿನಲ್ಲೇ. ಬ್ರೌಸರ್ ಹೇಳಿಕೊಳ್ಳುವ ಆ ಸಾಲುಗಳಲ್ಲೇ ಆಜ್ಞೆ ತುರುಕಿ ಬೇರೆಯವರ ಸರ್ವರುಗಳಲ್ಲಿ ಓಡಿಸುತ್ತಿದ್ದರು. ಮೇಷ್ಟ್ರುಗಳೇ, ಮಕ್ಕಳಿಗೆ ಅದನ್ನೂ ಹೇಳಿ. ಒಬ್ಬರು ಬರೆದ ಸರ್ವರನ್ನು ಪಕ್ಕದ ಬೆಂಚಿನವರಿಗೆ ಕೊಟ್ಟು, ಮುರಿಯಲು ಬಿಡಿ.