ಸಂಬಳವಿಲ್ಲದ ಈ ಕೆಲಸಕ್ಕೂ ಒಂದು ಲೆಕ್ಕ ಬೇಕು

ನಕ್ಷತ್ರ ಆಮೆ ನೋಡಿದ್ದೀರಾ? ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಒಣ ಕುರುಚಲು ಕಾಡಿನಲ್ಲಿ ಇರುತ್ತದೆ. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿರುತ್ತವೆ. ಆ ಅಂದವೇ ಅದಕ್ಕೆ ಮುಳುವಾಗಿದೆ. ಮನೆಯಲ್ಲಿ ಸಾಕುವ ಶೋಕಿಗಾಗಿ ಹಿಡಿದು, ಕಾಲು ಹೊರಗೆ ಚಾಚದ ಹಾಗೆ ಟೇಪ್ ಸುತ್ತಿ, ಸೂಟ್‌ಕೇಸ್‌ಗೆ ತುಂಬಿ ವಿಮಾನ ಹತ್ತಿಸುತ್ತಾರೆ.

2019ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಸೈಟಿಸ್ ಸಭೆ ನಡೆಯಿತು. ಕಾಡುಪ್ರಾಣಿ, ಗಿಡಮರಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ ಅದು. ಭಾರತ ಮತ್ತಿತರ ದೇಶಗಳು ಕೇಳಿದಂತೆ ನಕ್ಷತ್ರ ಆಮೆಯನ್ನು ಎರಡನೇ ಪಟ್ಟಿಯಿಂದ ಒಂದನೇ ಪಟ್ಟಿಗೆ ಏರಿಸಿದರು. ಎರಡನೇ ಪಟ್ಟಿಯಲ್ಲಿದ್ದರೆ ಪರವಾನಗಿ ಪಡೆದು ಮಾರಬಹುದು. ಒಂದನೇ ಪಟ್ಟಿಗೆ ಬಂದರೆ, ಕಾಡಿನಿಂದ ಹಿಡಿದದ್ದನ್ನು ದೇಶದಿಂದ ದೇಶಕ್ಕೆ ಮಾರುವ ಹಾಗೇ ಇಲ್ಲ.

ಕೈ ಎತ್ತಿ ಒಪ್ಪಿಗೆ ಕೊಡುವುದು ಸರ್ಕಾರಗಳು, ನಿಜ. ಆದರೆ ಯಾವ ಪ್ರಾಣಿ ಎಷ್ಟು ಕಡಿಮೆಯಾಗಿದೆ ಅಂತ ಹೇಳುವವರು ಯಾರು? ಬಹಳಷ್ಟು ಸಲ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ತಜ್ಞರ ಗುಂಪುಗಳು. ಆಮೆಗೊಂದು, ನೀರುನಾಯಿಗೊಂದು, ಆನೆಗೊಂದು ಗುಂಪು. ಒಟ್ಟು 10 ಸಾವಿರಕ್ಕೂ ಹೆಚ್ಚು ಜನ. ಹೆಚ್ಚುಕಡಿಮೆ ಎಲ್ಲರೂ ಸಂಬಳವಿಲ್ಲದೆ ದುಡಿಯುವವರೇ.

ಕೆಲಸ ಸುಲಭದ್ದಲ್ಲ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಐಯುಸಿಎನ್ ಮಾಡುವ ಕೆಂಪು ಪಟ್ಟಿಯ ಒಂದು ನಿಯಮ ನೋಡಿ. ಒಂದು ಜೀವಿಯ ಸಂಖ್ಯೆ ಮೂರು ತಲೆಮಾರಿನಲ್ಲಿ ಅಥವಾ 10 ವರ್ಷದಲ್ಲಿ, ಯಾವುದು ಜಾಸ್ತಿಯೋ ಆ ಅವಧಿಯಲ್ಲಿ, ಶೇ 30ರಷ್ಟಾದರೂ ಕುಸಿದು, ಕಾರಣಗಳು ಇನ್ನೂ ಹಾಗೇ ಇದ್ದರೆ ಅದು ಅಪಾಯಕ್ಕೆ ಸಿಕ್ಕ ಜೀವಿ. ಆಮೆ ನಿಧಾನಕ್ಕೆ ಬೆಳೆಯುವ ಪ್ರಾಣಿ. ಅದರ ಮೂರು ತಲೆಮಾರು ಅಂದರೆ ದಶಕಗಳ ಲೆಕ್ಕ. ಅಷ್ಟು ಹಿಂದೆ ಕಾಡಿನಲ್ಲಿ ಎಣಿಸಿಟ್ಟವರು ಎಲ್ಲಿದ್ದಾರೆ? ಹಳೆಯ ಸಮೀಕ್ಷೆ, ಕಸ್ಟಮ್ಸ್‌ನವರು ಹಿಡಿದ ಮಾಲಿನ ದಾಖಲೆ, ಉತ್ತು ಹೊಲವಾದ ಜಾಗ, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಅಂದಾಜು ಮಾಡಬೇಕು. ಆಮೇಲೆ ಬೇರೆ ತಜ್ಞರು ಅದನ್ನು ಜಾಲಾಡುತ್ತಾರೆ. ಇದೆಲ್ಲ ನಡೆಯುವುದು ಕಾಲೇಜಿನ ಪಾಠ ಮುಗಿದ ಮೇಲೆ, ರಾತ್ರಿ, ರಜೆಯಲ್ಲಿ.

ಸೈಟಿಸ್ ಒಪ್ಪಂದದ ಬೇರು ಕೂಡ ಇಲ್ಲೇ ಇದೆ. 1963ರಲ್ಲಿ ನೈರೋಬಿಯಲ್ಲಿ ಐಯುಸಿಎನ್ ಸಭೆ ಇಂಥದ್ದೊಂದು ಒಪ್ಪಂದ ಬೇಕು ಎಂದು ನಿರ್ಣಯ ಮಾಡಿತು. ಸಹಿ ಬಿದ್ದದ್ದು 1973ರ ಮಾರ್ಚ್ 3ಕ್ಕೆ. ನಾವು ವಿಶ್ವ ವನ್ಯಜೀವಿ ದಿನ ಆಚರಿಸುತ್ತೇವಲ್ಲ, ಅದೇ ದಿನ. ಕಾನೂನು ತಜ್ಞರಿಗೂ ಐಯುಸಿಎನ್‌ನಲ್ಲಿ ಬೇರೆಯದೇ ಆಯೋಗ ಇದೆ. ಅವರೂ ಸ್ವಯಂಸೇವಕರೇ.

ಸಂಬಳವಿಲ್ಲದಿದ್ದರೆ ಯಾರ ಮುಲಾಜೂ ಇರುವುದಿಲ್ಲ, ಅದೇ ಒಳ್ಳೆಯದು ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಸರ್ಕಾರವೋ ವ್ಯಾಪಾರಿಯೋ ದುಡ್ಡು ಕೊಟ್ಟರೆ ಲೆಕ್ಕ ವಾಲಬಹುದು. ಆದರೆ ಪುಕ್ಕಟೆ ದುಡಿಯಲು ಯಾರಿಗೆ ಆಗುತ್ತದೆ? ಕಾಯಂ ಕೆಲಸ ಇರುವವರಿಗೆ. ಗುತ್ತಿಗೆಯ ಮೇಲೆ ಪಾಠ ಮಾಡುವ ನಮ್ಮ ಜಿಲ್ಲೆಗಳ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಆಗುವುದಿಲ್ಲ. ಆಮೆ ಇರುವುದು ಅವರ ಊರಿನಲ್ಲಿ, ಕಣ್ಣಾರೆ ಕಂಡವರೂ ಅವರೇ. ಅವರೇ ಹೊರಗುಳಿದರೆ ಆ ಲೆಕ್ಕ ಎಷ್ಟು ಗಟ್ಟಿ?

ವಿಶ್ವವಿದ್ಯಾಲಯಗಳು ಈ ಕೆಲಸವನ್ನು ಬಡ್ತಿಗೆ ಪರಿಗಣಿಸಲಿ, ರಜೆ ಕೊಡಲಿ. ಅರಣ್ಯ ಇಲಾಖೆಗಳು ಹಿಡಿದ ಆಮೆಗಳ ವಿವರವನ್ನು ಈ ತಜ್ಞರಿಗೆ ವರ್ಷವರ್ಷ ತಾವಾಗೇ ಕೊಡಲಿ. ಕಾಡಿನಲ್ಲಿ ಅಲೆದು ಮೊದಲ ಮಾಹಿತಿ ತಂದ ವಾಚರ್‌ಗಳ ಹೆಸರೂ ಆ ವರದಿಗಳಲ್ಲಿ ಬರಲಿ.